ಇಳಿದ ಮೇಲೆ ಬಸ್ಸೇ ಗತಿ

ಯಾದಗಿರಿ ಜಿಲ್ಲೆಯಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ ನಾವು ಸುಮ್ಮನೆ ಕೂರುವ ಮಂದಿಯಲ್ಲ. ಭೀಮೆ ಇದ್ದಾಳೆ, ಕೃಷ್ಣೆ ಇದ್ದಾಳೆ. ಯಾದಗಿರಿಯ ನೆತ್ತಿಯ ಮೇಲೆ ಕೋಟೆ ಇದೆ. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ. ಸುರಪುರದಲ್ಲಿ ಬ್ರಿಟಿಷರ ಕಾಲದಲ್ಲಿ ಆಡಳಿತ ನೋಡಿದ ಟೇಲರ್ ಸಾಹೇಬ ಕಟ್ಟಿಸಿದ ಬಂಗಲೆ ಇದೆ. ಬೋನಾಳ ಕೆರೆಗೆ ವರ್ಷಾ ವರ್ಷಾ ಪರದೇಶದ ಹಕ್ಕಿಗಳು ವೀಸಾ ಇಲ್ಲದೆ ಬಂದಿಳಿಯುತ್ತವೆ. ಮನುಷ್ಯರು ಇಳಿಯುವುದಕ್ಕೆ ಮಾತ್ರ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ.

ಹಾಗಂತ ನಮ್ಮವರು ವಿಮಾನ ಹತ್ತುವುದಿಲ್ಲ ಎಂದುಕೊಳ್ಳಬೇಡಿ. ಮಗ ಗುರುಗ್ರಾಮದಲ್ಲಿ, ಮಗಳು ಪುಣೆಯಲ್ಲಿ, ಅಳಿಯ ದುಬೈಯಲ್ಲಿ ಎಂಬ ಮನೆಗಳು ಈಗ ಓಣಿಗೊಂದು ಸಿಗುತ್ತವೆ. ಹೊರಗಿನವರು ‘ನಿಮ್ಮೂರಿಗೆ ಹತ್ತಿರದ ಏರ್‌ಪೋರ್ಟ್ ಯಾವುದು?’ ಎಂದು ಕೇಳಿದರೆ ಉತ್ತರ ಹೇಳುವವರಲ್ಲೇ ಜಗಳ ಹತ್ತುತ್ತದೆ. ಒಬ್ಬ ಕಲಬುರಗಿ ಅನ್ನುತ್ತಾನೆ, ಗುರುಮಠಕಲ್ ಕಡೆಯವನು ಹೈದರಾಬಾದ್ ಅನ್ನುತ್ತಾನೆ, ಮತ್ತೊಬ್ಬ ‘ಎಲ್ಲಾ ಬಿಡ್ರಿ, ಬೆಂಗಳೂರೇ ಛಲೋ’ ಅನ್ನುತ್ತಾನೆ. ಮೂರೂ ಉತ್ತರಗಳ ಬಾಲ ಮಾತ್ರ ಒಂದೇ: ‘ಅಲ್ಲಿಂದ ಮುಂದ ಬಸ್ ಹಿಡೀರಿ.’

ಕಲಬುರಗಿಯ ವಿಮಾನ ನಿಲ್ದಾಣ ಇರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ. 2008ರಲ್ಲಿ ಅಡಿಗಲ್ಲು ಇಟ್ಟರು, 2019ರ ನವೆಂಬರ್ 22ರಂದು ಉದ್ಘಾಟನೆ ಮಾಡಿದರು. ಹನ್ನೊಂದು ವರ್ಷ. ನಮ್ಮ ಭಾಗದ ಕಾಮಗಾರಿಗಳ ಲೆಕ್ಕದಲ್ಲಿ ಇದೇನೂ ತಡವಲ್ಲ. ಗದಗ–ವಾಡಿ ರೈಲು ಮಾರ್ಗ 2025ರಲ್ಲಿ ಕುಷ್ಟಗಿಯ ತನಕ ಬಂದಿದೆ. ಸುರಪುರ, ಶಹಾಪುರದವರು ಇನ್ನೂ ಸಿಳ್ಳಿಗೆ ಕಿವಿಗೊಟ್ಟು ಕೂತಿದ್ದಾರೆ. ಹಾಗೆ ನೋಡಿದರೆ ವಿಮಾನವೇ ಮೊದಲು ಬಂತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಅಲ್ಲಿಂದ ಬೆಂಗಳೂರಿಗೆ, ತಿರುಪತಿಗೆ, ದಿಲ್ಲಿ ಪಕ್ಕದ ಹಿಂಡನ್‌ಗೆ ವಿಮಾನಗಳು ಹಾರಿದ್ದುಂಟು, ಹಾರುವುದು ನಿಂತದ್ದೂ ಉಂಟು. ಹೀಗಾಗಿ ಮದುವೆಯ ಮುಹೂರ್ತ ಇಟ್ಟುಕೊಂಡವರು ಆ ವಿಮಾನವನ್ನು ನೆಚ್ಚುವುದಿಲ್ಲ. ಸತ್ಯನಾರಾಯಣ ಪೂಜೆ ಇದ್ದರೆ ನೆಚ್ಚಬಹುದು, ಮುಂದೂಡಲಿಕ್ಕೆ ಬರುತ್ತದೆ.

ಹೈದರಾಬಾದಿನ ವಿಷಯ ಬೇರೆ. ಅದು ನಮ್ಮ ಹಿರಿಯರ ರಾಜಧಾನಿ. ನಿಜಾಮನ ಕಾಲ ಹೋಗಿ ಎಷ್ಟೋ ವರ್ಷಗಳಾದರೂ ದೊಡ್ಡ ರೋಗಕ್ಕೆ ದೊಡ್ಡ ದವಾಖಾನೆ, ಮದುವೆಗೆ ಜವಳಿ ಅಂದರೆ ಯಾದಗಿರಿಯ ಕಾಲು ತಾನಾಗಿಯೇ ಪೂರ್ವಕ್ಕೆ ತಿರುಗುತ್ತದೆ. ಬೆಂಗಳೂರು ಸುಮಾರು ಐನೂರು ಕಿಲೋಮೀಟರ್, ಹೈದರಾಬಾದ್ ಅದರ ಅರ್ಧಕ್ಕಿಂತ ಕಮ್ಮಿ. ಮೊದಲು ಅಲ್ಲಿಯ ವಿಮಾನ ನಿಲ್ದಾಣ ಊರೊಳಗಿನ ಬೇಗಂಪೇಟೆಯಲ್ಲಿತ್ತು. ಇಳಿದವನು ಆಟೊ ಹತ್ತಿ, ದರಕ್ಕಾಗಿ ಜಗಳಾಡಿ, ಇಮ್ಲಿಬನ್ ಬಸ್ ಸ್ಟ್ಯಾಂಡ್ ಸೇರುತ್ತಿದ್ದ. 2008ರ ಮಾರ್ಚಿನಲ್ಲಿ ಅದು ಶಂಷಾಬಾದಿಗೆ ಹೋಯಿತು. ಎರಡೇ ತಿಂಗಳಲ್ಲಿ, ಮೇ ಕೊನೆಗೆ, ಬೆಂಗಳೂರಿನದೂ ಎಚ್‌ಎಎಲ್‌ನಿಂದ ಎದ್ದು ದೇವನಹಳ್ಳಿಗೆ ನಡೆಯಿತು. ಒಂದೇ ಬೇಸಿಗೆಯಲ್ಲಿ ಎರಡು ನಗರಗಳು ತಮ್ಮ ವಿಮಾನಗಳನ್ನು ಊರಾಚೆ ಅಟ್ಟಿದವು. ಅಲ್ಲಿಂದ ಊರೊಳಗೆ ಬರಲು ಬೆಂಗಳೂರಿನಲ್ಲಿ ‘ವಾಯು ವಜ್ರ’, ಹೈದರಾಬಾದಿನಲ್ಲಿ ‘ಪುಷ್ಪಕ’ ಎಂಬ ಬಸ್ಸುಗಳು ರಸ್ತೆಗಿಳಿದವು. ನೆಲದ ಮೇಲೆ ಓಡುವ ಬಸ್ಸಿಗೆ ಪುಷ್ಪಕ ಎಂದು ಹೆಸರಿಟ್ಟ ಅಧಿಕಾರಿ ಯಾರೋ, ಅವರಿಗೆ ನನ್ನ ನಮಸ್ಕಾರ. ವಿಮಾನದಲ್ಲಿ ಕುರುಕಲು ತಿಂಡಿಗೆ ಕೊಡುವ ದುಡ್ಡು, ಸೀಟಿನ ನಡುವೆ ಮಡಚಿಕೊಂಡ ಮೊಣಕಾಲು ಇವನ್ನೆಲ್ಲ ನೆನೆದರೆ ರಾಮ ಸೀತೆಯರು ಬಂದದ್ದು ಬಸ್ಸಿನಲ್ಲೇ ಇರಬೇಕು ಅನ್ನಿಸುತ್ತದೆ.

ಅಲ್ಲಿಯ ತನಕ ವಿಮಾನ ಹತ್ತುವವನು ಸಾಹುಕಾರ, ಬಸ್ಸು ಹತ್ತುವವನು ಬಡವ ಎಂಬ ಲೆಕ್ಕ ಸರಳವಾಗಿತ್ತು. ವಾಯು ವಜ್ರ ಬಂದು ಈ ಲೆಕ್ಕ ಕೆಡಿಸಿತು. ವಿಮಾನದಿಂದ ಇಳಿದವನೇ ಬಸ್ಸು ಹತ್ತತೊಡಗಿದ. ಬೆಂಗಳೂರಿನವರಿಗೆ ಇದು ಬೇಗ ರೂಢಿಯಾಯಿತು. ನಮ್ಮ ಕಡೆ ಇನ್ನೂ ಆಗಿಲ್ಲ. ‘ವಿಮಾನದಾಗ ಬಂದು ಬಸ್ಸಿನ್ಯಾಗ ಬಂದೇನ? ಟ್ಯಾಕ್ಸಿ ಮಾಡಲಿಲ್ಲೇನ?’ ಎಂದು ಬಾಗಿಲಲ್ಲೇ ಕೇಳುತ್ತಾರೆ. ಟ್ಯಾಕ್ಸಿಗೆ ಎಷ್ಟಾಗುತ್ತದೆ ಗೊತ್ತೇನು ಎಂದರೆ, ‘ವಿಮಾನಕ್ಕ ಕೊಟ್ಟಿಲ್ಲ? ಹಂಗ ಇದಕ್ಕೂ ಕೊಡಬೇಕು’ ಎನ್ನುತ್ತಾರೆ. ತಮ್ಮ ಜೇಬಿನದಲ್ಲವಾದರೆ ನಮ್ಮ ಮಂದಿಯ ಕೈ ಬಹಳ ಉದಾರ.

ನಮ್ಮ ದೊಡ್ಡವ್ವ ಮೊಮ್ಮಗಳ ಬಾಣಂತನಕ್ಕೆಂದು ದಿಲ್ಲಿಗೆ ಹೋಗಿ, ಚಳಿಗೆ ಬೈದು, ಅಲ್ಲಿಯ ಗೋದಿ ರೊಟ್ಟಿಗೆ ಇನ್ನಷ್ಟು ಬೈದು, ವಾಪಸು ಹೊರಟಾಗ ಅವರನ್ನು ದೇವನಹಳ್ಳಿಯಿಂದ ಸುರಪುರಕ್ಕೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡವ್ವ ಹೊರಗೆ ಬಂದಾಗ ಸಿಟ್ಟಿನಲ್ಲಿದ್ದರು. ದಿಲ್ಲಿಯಲ್ಲಿ ಭದ್ರತೆಯವರು ಚೀಲ ಬಿಚ್ಚಿಸಿ, ಸುರಪುರದಿಂದ ಅಂಟಿನ ಉಂಡಿಗೆಂದು ಒಯ್ದು ಉಳಿದಿದ್ದ ಕೊಬ್ಬರಿ ಗಿಟಕುಗಳನ್ನು ತೆಗೆದು ಡಬ್ಬಿಗೆ ಹಾಕಿದ್ದರಂತೆ. ಒಣ ಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ, ಅದಕ್ಕೇ ವಿಮಾನಕ್ಕೆ ನಿಷಿದ್ಧ ಎಂದು ನಾನು ವಿವರಿಸಿದೆ. ‘ಹೋಗುವಾಗ ರೈಲಿನ್ಯಾಗ ಒಯ್ದಿದ್ದೆ, ಒಂದೂ ಉರೀಲಿಲ್ಲ’ ಎಂದರು. ಹಿಂಡಿ ಪುಡಿಯ ಡಬ್ಬಿಯನ್ನು ಮಾತ್ರ ಬಿಟ್ಟಿದ್ದರು. ದೊಡ್ಡವ್ವನ ಶೇಂಗಾ ಹಿಂಡಿಯ ಖಾರ ಗೊತ್ತಿದ್ದವರಿಗೆ ಭದ್ರತೆಯವರು ತಡೆಯಬೇಕಾದದ್ದು ಯಾವುದನ್ನು ಎಂಬುದರಲ್ಲಿ ಅನುಮಾನವಿಲ್ಲ.

ಮೆಜೆಸ್ಟಿಕ್‌ಗೆ ಹೋಗುವ ವಾಯು ವಜ್ರ ನಿಂತಿತ್ತು. ಮುಂದಿನ ಬಾಗಿಲ ಬಳಿ ಪೆಟ್ಟಿಗೆ ಇಡಲಿಕ್ಕೆ ಕಬ್ಬಿಣದ ಕಪಾಟು. ಅದರಲ್ಲಿ ಬಣ್ಣ ಬಣ್ಣದ ಗಾಲಿ ಪೆಟ್ಟಿಗೆಗಳ ನಡುವೆ ದೊಡ್ಡವ್ವನ ಗೋಣಿಪಟ್ಟಿ ಗಂಟು ನಿರಾಳವಾಗಿ ಕೂತಿತು. ಬಸ್ಸು ಹೊರಳಿದಾಗೆಲ್ಲ ಗಾಲಿ ಇದ್ದ ಪೆಟ್ಟಿಗೆಗಳು ಮಾಲೀಕರನ್ನು ಬಿಟ್ಟು ಓಡಲು ನೋಡಿದವು, ಅವರು ಎದ್ದೆದ್ದು ಹಿಡಿದರು. ಗಂಟು ಇಟ್ಟಲ್ಲಿಂದ ಕದಲಲಿಲ್ಲ.

ಕಂಡಕ್ಟರ್ ಬಂದ. ದೊಡ್ಡವ್ವ ಸೊಂಟದ ಸಂಚಿಯಿಂದ ಪ್ಲಾಸ್ಟಿಕ್ ಕವರು, ಕವರಿನಿಂದ ಕರವಸ್ತ್ರ, ಕರವಸ್ತ್ರದಿಂದ ಆಧಾರ್ ಕಾರ್ಡು ತೆಗೆದು ಅವನ ಮುಖಕ್ಕೆ ಹಿಡಿದರು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂಬುದು ಅವರಿಗೆ ಮಂತ್ರದಷ್ಟು ಬಾಯಿಪಾಠ.

‘ಇದಕ್ಕೆ ಶಕ್ತಿ ಇಲ್ಲಮ್ಮ’ ಎಂದ ಕಂಡಕ್ಟರ್.

ದೊಡ್ಡವ್ವ ಬಸ್ಸಿನ ಉದ್ದಗಲ ನೋಡಿದರು. ‘ಇಷ್ಟ ದೊಡ್ಡ ಬಸ್ಸಿಗಿ ಶಕ್ತಿ ಇಲ್ಲೇನಪಾ? ನಮ್ಮ ಸುರಪುರದ ಡಕೋಟ ಬಸ್ಸಿಗಿ ಅದ!’

ಮುಂದಿನ ಸೀಟಿನ ಹುಡುಗ ಕಿವಿಯಿಂದ ಹಾಡಿನ ಬಳ್ಳಿ ಕಿತ್ತು ತಿರುಗಿ ನಕ್ಕ. ಕಂಡಕ್ಟರನೂ ನಕ್ಕ. ಹವಾನಿಯಂತ್ರಿತ ಬಸ್ಸುಗಳು ಯೋಜನೆಯೊಳಗೆ ಬರುವುದಿಲ್ಲ ಎಂದು ನಾನು ಎರಡೂ ಟಿಕೆಟಿನ ದುಡ್ಡು ಕೊಟ್ಟೆ. ದೊಡ್ಡವ್ವ ಟಿಕೆಟಿನ ಅಂಕಿ ನೋಡಿ ತಂಪು ಗಾಳಿಯ ಕಿಂಡಿಯನ್ನು ಪೂರಾ ತಮ್ಮ ಕಡೆ ತಿರುಗಿಸಿಕೊಂಡರು. ಚಳಿ ಹತ್ತಿತು; ಸೆರಗು ಹೊದ್ದರು. ಕಿಂಡಿಯನ್ನು ಮಾತ್ರ ಮುಚ್ಚಲಿಲ್ಲ.

ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ನೂರೆಂಟು ಅಡಿಯ ಕೆಂಪೇಗೌಡರು ಖಡ್ಗ ಹಿಡಿದು ನಿಂತಿದ್ದಾರೆ. ಸಾದಹಳ್ಳಿಯ ಟೋಲ್, ಯಲಹಂಕದ ವಾಯುನೆಲೆ ಎಲ್ಲ ಒಂದರ ಹಿಂದೊಂದು ಸರಸರ ಹೋಗುತ್ತವೆ. ಆಮೇಲೆ ಹೆಬ್ಬಾಳ ಬರುತ್ತದೆ. ಬರುತ್ತದೆ, ಬಂದೇ ಇರುತ್ತದೆ. ದಿಲ್ಲಿಯಿಂದ ಎರಡೂಮುಕ್ಕಾಲು ತಾಸಿನಲ್ಲಿ ಬಂದವನು ಹೆಬ್ಬಾಳದ ಮೇಲ್ಸೇತುವೆ ಏರಿ ಇಳಿಯುವ ಹೊತ್ತಿಗೆ ತಾನು ಕಳೆದ ಜನ್ಮದಲ್ಲೆಲ್ಲೋ ವಿಮಾನ ಹತ್ತಿದ್ದೆ ಅಂದುಕೊಳ್ಳುತ್ತಾನೆ. ಲಂಡನ್ನಿನ ಹೀಥ್ರೂಗೆ 1977ರಲ್ಲೇ ನೆಲದೊಳಗಿನ ರೈಲು ಮುಟ್ಟಿತ್ತು. ನಮ್ಮ ಮೆಟ್ರೊ ಕಂಬಗಳು ಇದೇ ದಾರಿಯ ಪಕ್ಕದಲ್ಲಿ ಎದ್ದು ನಿಂತಿವೆ. ರೈಲು ಬಂದ ಮೇಲೂ ಬಸ್ಸು ಇರಬೇಕೆಂಬುದು ನನ್ನ ಆಸೆ. ಮೆಟ್ರೊದಲ್ಲಿ ಕಂಡಕ್ಟರ್ ಇರುವುದಿಲ್ಲ. ಕಂಡಕ್ಟರ್ ಇಲ್ಲದ ಗಾಡಿಯಲ್ಲಿ ‘ಇಳಿಯೋದು ಬಂದಾಗ ಹೇಳಪಾ’ ಎಂದು ಯಾರಿಗೆ ಹೇಳುವುದು?

ಹೆಬ್ಬಾಳದ ನಿಲುಗಡೆ ದೊಡ್ಡವ್ವನಿಗೆ ಬೇಸರ ತರಲಿಲ್ಲ. ಗಾಜಿಗೆ ಮುಖ ಹಚ್ಚಿ ಕೆಳಗೆ ನೋಡುತ್ತಿದ್ದವರು ಥಟ್ಟನೆ ನನ್ನ ತೋಳು ತಿವಿದರು. ‘ಅಕಿ ನೋಡು, ನಮ್ಮ ಕಡ್ಯಾಕಿ.’ ಕಟ್ಟಡವೊಂದರ ಮುಂದೆ ಹೆಂಗಸೊಬ್ಬಳು ಜಲ್ಲಿ ಬುಟ್ಟಿ ಹೊತ್ತು ನಡೆಯುತ್ತಿದ್ದಳು. ನಮ್ಮ ಕಡೆಯವಳೆಂದು ಹೇಗೆ ಗೊತ್ತಾಯಿತು ಎಂದೆ. ‘ಸಿಂಬಿ ಸುತ್ತಿದ್ದು ನೋಡಿಲ್ಲೇನ? ಕಚ್ಚಿ ಹಾಕಿದ್ದು ನೋಡಿಲ್ಲೇನ?’ ಸಿಂಬಿ ನೋಡಿ ತಾಲೂಕು ಹೇಳುವ ವಿದ್ಯೆ ನನಗಿಲ್ಲ. ಆದರೆ ಮಾತು ಸುಳ್ಳಾಗಿರಲಿಕ್ಕಿಲ್ಲ. ಈ ದಾರಿಯ ಎರಡೂ ಬದಿ ಎದ್ದ ಗಾಜಿನ ಗೋಪುರಗಳ ಬುಡದಲ್ಲಿ, ನೀಲಿ ತಾಡಪತ್ರಿಯ ಗುಡಿಸಲುಗಳಲ್ಲಿ, ಯಾದಗಿರಿ, ರಾಯಚೂರು, ಕಲಬುರಗಿಯ ಮಂದಿ ಇದ್ದೇ ಇರುತ್ತಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಬಂದವರು. ವಿಮಾನದಿಂದ ಇಳಿಯುವ ಯಾದಗಿರಿಯವನೂ ಗಾರೆ ಕೆಲಸ ಮುಗಿಸಿದ ಯಾದಗಿರಿಯವನೂ ಊರಿಗೆ ಹೋಗಲು ಸೇರುವ ಜಾಗ ಒಂದೇ, ಮೆಜೆಸ್ಟಿಕ್.

ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿದ್ದ ಆ ಜಾಗದಲ್ಲಿ ಈಗ ಬಸ್ಸುಗಳ ಅಲೆ. ರಸ್ತೆ ದಾಟಿ ದೂರದೂರಿನ ಬಸ್ಸುಗಳು ನಿಲ್ಲುವ ಕಡೆ ಹೋದರೆ ಕಿವಿಗೆ ನಮ್ಮ ಭಾಷೆ ಬೀಳತೊಡಗುತ್ತದೆ. ‘ಸಿಂಧನೂರ ಲಿಂಗಸೂರ ಸುರಪುರ ಶಹಾಪುರ!’ ಎಂದು ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರ್ ಉಸಿರು ತೆಗೆದುಕೊಳ್ಳದೆ ಅರ್ಧ ರಾಜ್ಯ ದಾಟಿಬಿಡುತ್ತಾನೆ. ಈ ಸಂಸ್ಥೆ 2000ದಲ್ಲಿ ಈಶಾನ್ಯ ಕರ್ನಾಟಕದ ಹೆಸರಿನಲ್ಲಿ ಹುಟ್ಟಿ, 2021ರಲ್ಲಿ ಕಲ್ಯಾಣವಾಯಿತು. ಈಗ ಅದಕ್ಕೆ ‘ಅಮೋಘವರ್ಷ’, ‘ಕಲ್ಯಾಣ ರಥ’ ಎಂಬ ಮಲಗುವ ಬಸ್ಸುಗಳೂ ಇವೆ. ದೊಡ್ಡವ್ವನನ್ನು ಮಲಗಿಸಿ ಕರೆದುಕೊಂಡು ಹೋಗೋಣವೆಂದು ನಾನು ಆ ಕಡೆ ನಡೆದೆ.

‘ಅದಕ್ಕ ಶಕ್ತಿ ಅದೇನು?’

ಇಲ್ಲ ಎಂದೆ.

‘ಹಂಗಾದ್ರ ಕೆಂಪ ಬಸ್ಸೇ ಬೇಕು.’

ಕೆಂಪು ಬಸ್ಸೇ ಹತ್ತಿದೆವು. ಸುರಪುರದ ತನಕ ಇಡೀ ರಾತ್ರಿಯ ದಾರಿ. ಯಂತ್ರ ಕಿರ್ರೆಂದು ಕಕ್ಕಿದ ಶೂನ್ಯದ ಟಿಕೆಟನ್ನು ದೊಡ್ಡವ್ವ ಕರವಸ್ತ್ರದಲ್ಲಿ ಆಧಾರ್ ಕಾರ್ಡಿನ ಪಕ್ಕ ಮಡಚಿಟ್ಟರು. ಐನೂರು ಕಿಲೋಮೀಟರಿಗೆ ಪುಕ್ಕಟೆ, ಮೂವತ್ತೈದು ಕಿಲೋಮೀಟರಿಗೆ ಕಂತೆ ರೊಕ್ಕ ಎಂಬ ಅರ್ಥಶಾಸ್ತ್ರವನ್ನು ಅವರು ಆಮೇಲೆ ಸುರಪುರದ ರಂಗಂಪೇಟೆಯಿಂದ ತಿಂಥಣಿ ಜಾತ್ರೆಯವರೆಗೆ ಪ್ರಚಾರ ಮಾಡಿದರು. ನನಗೆ ಮಾತ್ರ ಪೂರಾ ಟಿಕೆಟ್. ಉಳಿದ ಚಿಲ್ಲರೆಯನ್ನು ಕಂಡಕ್ಟರ್ ಟಿಕೆಟಿನ ಬೆನ್ನ ಮೇಲೆ ಬರೆದು, ಸುತ್ತು ಹಾಕಿ, ‘ಇಳಿಯುವಾಗ ಇಸ್ಕೋರಿ’ ಎಂದ. ಕರ್ನಾಟಕದ ಬಸ್ಸಿನಲ್ಲಿ ಎಚ್ಚರವಾಗಿ ಕೂರಲು ಕಾಫಿ ಬೇಡ, ಬೆನ್ನ ಮೇಲೆ ಅಂಕಿ ಬರೆದ ಒಂದು ಟಿಕೆಟ್ ಸಾಕು. ಕೆಲವೊಮ್ಮೆ ಇಬ್ಬರು ಅಪರಿಚಿತರ ಬಾಕಿ ಸೇರಿಸಿ ಒಂದೇ ನೋಟು ಕೊಟ್ಟು ‘ನೀವ್ನೀವು ಹಂಚ್ಕೋರಿ’ ಎಂದು ಬಿಡುತ್ತಾರೆ. ಹಾಗೆ ನೋಟು ಮುರಿಸಲು ಚಹಾದಂಗಡಿಗೆ ಹೋಗಿ, ಚಹಾ ಕುಡಿದು, ಮಾತಾಡುತ್ತ ದೂರದ ನೆಂಟಸ್ತಿಕೆ ಹೊರಬಿದ್ದದ್ದನ್ನು ನಾನು ಕಂಡಿದ್ದೇನೆ. ಯಾವ ವಿಮಾನ ಸಂಸ್ಥೆ ಹೀಗೆ ಬೀಗರನ್ನು ಹುಡುಕಿ ಕೊಟ್ಟಿದೆ?

ಸಾಮಾನಿನ ವಿಷಯದಲ್ಲೂ ಕೆಂಪು ಬಸ್ಸು ದೊಡ್ಡ ಮನಸ್ಸಿನದು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಹದಿನೈದು ಕಿಲೋ ಸಾಮಾನು ಹಾಕಬಹುದು, ಮೇಲೆ ಒಂದೊಂದು ಕಿಲೋಗೂ ದಂಡ. ಬಸ್ಸಿನಲ್ಲಿ ಮೂವತ್ತು ಕಿಲೋ ಪುಕ್ಕಟೆ. ಆ ರಾತ್ರಿ ನಮ್ಮ ಬಸ್ಸಿನಲ್ಲಿ ಬೆಂಗಳೂರು ಬಿಟ್ಟು ಊರಿಗೆ ಹೊರಟಿದ್ದು ಎರಡು ಫ್ಯಾನು, ಒಂದು ಗ್ಯಾಸ್ ಒಲೆ, ಸ್ಟೀಲ್ ಪೀಪಾಯಿ, ಮಡಚಿದ ತಾಡಪತ್ರಿ, ಮತ್ತು ಮಗುವಿನ ಸೈಕಲ್ಲು. ಸೈಕಲ್ಲಿನ ಗಂಟೆ ಗುಂಡಿ ಬಂದಾಗೆಲ್ಲ ತಾನೇ ಬಾರಿಸುತ್ತಿತ್ತು. ಕೊಬ್ಬರಿ ಇದ್ದರೂ ಯಾರೂ ಕೇಳುತ್ತಿರಲಿಲ್ಲ.

ಹಿರಿಯೂರು, ಬಳ್ಳಾರಿ ನಿದ್ದೆಯಲ್ಲಿ ಹೋದವು. ಬೆಳಗಿನ ಜಾವ ತಿಂಥಣಿ ಬ್ರಿಡ್ಜ್ ಮೇಲೆ ಕೃಷ್ಣೆಯ ನೀರು ಕಂಡಾಗ ಬಸ್ಸಿನ ಅರ್ಧ ಮಂದಿ ಎದ್ದು ಕೈ ಮುಗಿದರು, ಕಿಟಕಿಯವರು ಕಾಸು ಒಗೆದರು. ವಿಮಾನದಲ್ಲೂ ಎಷ್ಟೋ ನದಿಗಳನ್ನು ದಾಟುತ್ತೇವೆ. ಕಾಸು ಒಗೆಯಲು ಕಿಟಕಿ ತೆರೆಯುವುದಿಲ್ಲ. ಬಸ್ಸೇ ಇಲ್ಲದ ಕಾಲದಲ್ಲಿ, 1841ರ ಹೊತ್ತಿಗೆ, ಟೇಲರ್ ಸಾಹೇಬ ಇದೇ ಸೀಮೆಗೆ ನಿಜಾಮ, ಬ್ರಿಟಿಷರ ಪರವಾಗಿ ಆಡಳಿತ ನೋಡಲು ಬಂದವನು. 1853ರವರೆಗೆ ಇದ್ದ. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1858ರಲ್ಲಿ ಆ ರಾಜ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡದ್ದು ಸುರಪುರದ ಮಕ್ಕಳಿಗೆಲ್ಲ ಗೊತ್ತು. ಟೇಲರನಿಗೆ ಪಲ್ಲಕ್ಕಿ, ಕುದುರೆ, ನದಿ ತುಂಬಿದರೆ ಹರಿಗೋಲು. ಪಲ್ಲಕ್ಕಿ ಹೊರುವವರು ದಾರಿಯಲ್ಲಿ ಕೆಟ್ಟು ನಿಂತರೆ ಅವನೂ ಇಳಿದು ತಳ್ಳಿದನೇ ಎಂಬ ಬಗ್ಗೆ ಆತ್ಮಕಥೆಯಲ್ಲೇನೂ ಸುಳಿವು ಸಿಕ್ಕಿಲ್ಲ.

ದೊಡ್ಡವ್ವನನ್ನು ಮನೆ ಮುಟ್ಟಿಸಿ ನಾನು ಕೆಲಸದ ಮೇಲೆ ಯಾದಗಿರಿಗೆ ಹೊರಟೆ. ಸುರಪುರ–ಶಹಾಪುರ–ಯಾದಗಿರಿ ಬಸ್ಸಿಗೆ ಮುಂಗಡ ಬುಕಿಂಗ್ ಇಲ್ಲವೆಂದು ಯಾರು ಹೇಳಿದರು? ಬಸ್ಸು ಇನ್ನೂ ಹಿಂದಕ್ಕೆ ಹೊರಳುತ್ತಿರುವಾಗಲೇ ಕಿಟಕಿಯಿಂದ ಒಳಗೆ ಬೀಳುವ ಟವೆಲು ನಮ್ಮ ವೆಬ್ ಚೆಕ್‌ಇನ್. ಟವೆಲಿನ ಹಕ್ಕನ್ನು ಎಲ್ಲರೂ ಮನ್ನಿಸುತ್ತಾರೆ. ಕರವಸ್ತ್ರಕ್ಕೆ ಅಷ್ಟು ಕಿಮ್ಮತ್ತಿಲ್ಲ, ವಾದಕ್ಕೆ ಅವಕಾಶ ಉಂಟು. ಚಪ್ಪಲಿ ಎಸೆದವನೂ ಇದ್ದಾನೆ. ಆ ಸೀಟಿನಲ್ಲಿ ಯಾರೂ ಕೂರಲಿಲ್ಲ, ಇಳಿಯುವ ತನಕ ಅವನ ಜೊತೆ ಮಾತೂ ಆಡಲಿಲ್ಲ.

ನನ್ನ ಚೀಲಕ್ಕೆ ಹಿಂದಿನ ಪ್ರಯಾಣದ ವಿಮಾನದ ಪಟ್ಟಿ ಇನ್ನೂ ಸುತ್ತಿಕೊಂಡೇ ಇತ್ತು. ನಮ್ಮ ಕಡೆ ಅದನ್ನು ಹರಿಯುವ ರೂಢಿ ಇಲ್ಲ. ಬಣ್ಣ ಹೋಗಿ, ಅಕ್ಷರ ಅಳಿಸಿ, ಬರೀ ಬಿಳಿ ಕಾಗದವಾಗುವ ತನಕ ಅದು ಹಿಡಿಕೆಗೆ ಅಂಟಿಕೊಂಡಿರುತ್ತದೆ. ಸಂತೆಯ ಕಾಯಿಪಲ್ಲೆ ತರುವ ಚೀಲಕ್ಕೂ ಅದನ್ನು ಕಂಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಪಟ್ಟಿ ಹಿಡಿದು ತಿರುವಿ ನೋಡಿ, ‘ಯಾವ ಊರ ಲಗೇಜ್ ಟಿಕೆಟ್ರೀ ಇದು?’ ಎಂದರು. ವಿಮಾನದ್ದು ಎಂದೆ. ಅವರು ಒಂದು ಕ್ಷಣ ನನ್ನನ್ನು ಮೇಲೆ ಕೆಳಗೆ ನೋಡಿ, ‘ಇಳದ ಮ್ಯಾಲ ನಮ್ಮ ಜೋಡೀನೇ ಬಂದ್ರೆಲ್ಲ!’ ಎಂದು ಸಮಾಧಾನಪಟ್ಟು, ಶೇಂಗಾ ಪೊಟ್ಟಣ ಮುಂದೆ ಹಿಡಿದರು. ಶಹಾಪುರ ಹತ್ತಿರ ಬಂದಾಗ ಬುದ್ಧನ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಹಿಂದಿನ ಸೀಟಿನ ಮಕ್ಕಳಿಗೆ ತೋರಿಸಿದರು. ಶಹಾಪುರ ದಾಟಿ, ಭೀಮಾ ಸೇತುವೆ ಮುಟ್ಟುವಷ್ಟರಲ್ಲಿ ನನ್ನ ಸಂಬಳ, ಮನೆಯ ಬಾಡಿಗೆ, ಮಕ್ಕಳ ವಿದ್ಯೆ ಎಲ್ಲ ಅವರ ದಾಖಲೆಗೆ ಸೇರಿದ್ದವು. ವಿಮಾನದಲ್ಲಿ ಪಕ್ಕದಲ್ಲಿದ್ದವರು ಯಾರೆಂದು ನನಗಿನ್ನೂ ಗೊತ್ತಿಲ್ಲ.

ಇಷ್ಟು ಹೇಳಿದ ಮೇಲೆ ಸಾರಿಗೆಯವರಲ್ಲಿ ಒಂದು ಬಿನ್ನಹ. ಶ್ರೀನಿವಾಸ ಸರಡಗಿಯಲ್ಲಿ ಇಳಿದವನಿಗೆ ಸುರಪುರ ಇನ್ನೂ ನೂರು ಕಿಲೋಮೀಟರಿನ ಮೇಲೆ ದೂರ. ಕಲಬುರಗಿ ಊರೊಳಗೆ ಹೊಕ್ಕು, ಬಸ್ ಸ್ಟ್ಯಾಂಡ್ ಹುಡುಕಿ, ಜೇವರ್ಗಿ ಮೇಲೆ ಹೋಗುವ ಬಸ್ಸಿಗೆ ಟವೆಲು ಎಸೆಯುವುದು ವಯಸ್ಸಾದವರಿಂದ ಆಗುವ ಕೆಲಸವಲ್ಲ. ವಿಮಾನ ಹಾರುವ ದಿನಗಳಲ್ಲಾದರೂ ಆ ಬಾಗಿಲಲ್ಲಿ ಒಂದು ಕೆಂಪು ಬಸ್ಸು ‘ಶಹಾಪುರ ಮೇಲೆ ಸುರಪುರ’ ಎಂಬ ಬೋರ್ಡು ಹಾಕಿಕೊಂಡು ನಿಂತಿರಲಿ, ಯಾದಗಿರಿಗೆ ಇನ್ನೊಂದು. ವಿಮಾನ ತಡವಾದರೆ ಅವೂ ಕಾಯಲಿ. ಚಿಲ್ಲರೆ ನಾವೇ ತರುತ್ತೇವೆ.